ಪೈಲಟ್ ಗಡ್ಡ ಬಿಡಬಾರದು ಅಂತ ಹೇಳಿದ್ದು ಯಾರು?

ಇಸ್ತ್ರಿ ಮಾಡಿದ ಬಿಳಿ ಶರ್ಟು, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ, ಕಪ್ಪು ಟೈ, ನುಣ್ಣಗೆ ಬೋಳಿಸಿದ ಗಲ್ಲ. ವಿಮಾನದ ಬಾಗಿಲ ಹತ್ತಿರ ಇಂಥ ಒಬ್ಬರು ಕಂಡರೆ ಎದೆ ಸ್ವಲ್ಪ ಹಗುರಾಗುತ್ತದೆ, ಅಲ್ವಾ? ಅವರು ಎಷ್ಟು ಗಂಟೆ ಹಾರಿಸಿದ್ದಾರೆ, ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಾರಾ, ನಮಗೇನೂ ಗೊತ್ತಿಲ್ಲ. ಬಟ್ಟೆ ನೋಡಿ ಜೀವ ಒಪ್ಪಿಸುತ್ತೇವೆ. ಈ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಬೇಕಂತಲೇ ಅಳತೆ ಕೊಟ್ಟು ಹೊಲಿಸಿದ್ದು.

ಶುರುವಿನಲ್ಲಿ ಪೈಲಟ್ ಅಂದರೆ ಎಣ್ಣೆ ಮೆತ್ತಿದ ಮುಖ. ಕಾಕ್‌ಪಿಟ್‌ಗೆ ಮೇಲೆ ಮುಚ್ಚಿಗೆ ಇರಲಿಲ್ಲ. ಚರ್ಮದ ಕೋಟು ಚಳಿಗೆ, ದಪ್ಪ ಕನ್ನಡಕ ಗಾಳಿಗೆ. ಮೊದಲ ಮಹಾಯುದ್ಧದ ಫೋಟೋಗಳಲ್ಲಿ ಕಾಣುವ ರೇಷ್ಮೆ ಸ್ಕಾರ್ಫ್ ಕೂಡ ಶೋಕಿಗೆ ಬಂದದ್ದಲ್ಲ. ಶತ್ರು ವಿಮಾನ ಯಾವ ಕಡೆಯಿಂದ ಬರುತ್ತದೋ ಅಂತ ಪೈಲಟ್ ಸದಾ ಕತ್ತು ತಿರುಗಿಸುತ್ತಲೇ ಇರಬೇಕಿತ್ತು. ಒರಟು ಕಾಲರ್ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತಿತ್ತು, ರೇಷ್ಮೆಯಾದರೆ ಜಾರುತ್ತದೆ. ಆಗಿನ ರೋಟರಿ ಎಂಜಿನ್‌ಗಳಿಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಅದು ಸಿಡಿದು ಕನ್ನಡಕದ ಮೇಲೆ ಕೂತಾಗ ಒರೆಸಿಕೊಳ್ಳಲಿಕ್ಕೂ ಅದೇ ಸ್ಕಾರ್ಫ್. ಮೈಮೇಲಿನ ಒಂದೊಂದು ಬಟ್ಟೆಗೂ ಒಂದೊಂದು ಕೆಲಸ ಇತ್ತು.

ಜನ ದುಡ್ಡು ಕೊಟ್ಟು ವಿಮಾನ ಹತ್ತತೊಡಗಿದಾಗ ಈ ವೇಷ ತೊಂದರೆಯಾಯಿತು. ಎಣ್ಣೆ ಮೆತ್ತಿದ ಸಾಹಸಿಯ ಜೊತೆ ಕೂತು ಸಾಹಸಕ್ಕೆ ಹೊರಡೋಣ ಅಂತ ಯಾವ ಪ್ರಯಾಣಿಕರಿಗೂ ಇರಲಿಲ್ಲ. ಅವರಿಗೆ ಊರು ತಲುಪಿದರೆ ಸಾಕಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿ ಈ ಭಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. 1931ರಲ್ಲಿ ಸಿಕೋರ್ಸ್ಕಿ ಎಸ್-40 ಅನ್ನುವ, ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳು ಬಂದಾಗ ಅವಕ್ಕೆ ವೇಗದ ಹಾಯಿಹಡಗುಗಳ ಹೆಸರೇ ಇಟ್ಟರು, 'ಕ್ಲಿಪ್ಪರ್'. ಪೈಲಟ್‌ಗಳಿಗೂ ಹಡಗಿನ ಅಧಿಕಾರಿಗಳ ಉಡುಪನ್ನೇ ಹೊಲಿಸಿದರು. ಕಡು ಬಣ್ಣದ ಕೋಟು, ಬಿಳಿ ಟೋಪಿ, ತೋಳಿನ ತುದಿಗೆ ಪಟ್ಟಿ. 'ಕ್ಯಾಪ್ಟನ್', 'ಫಸ್ಟ್ ಆಫೀಸರ್' ಅನ್ನುವ ಹುದ್ದೆಗಳೂ ಹಡಗಿನವೇ. ಸಮುದ್ರದ ಪಯಣವನ್ನು ಜನ ಆಗಲೇ ನಂಬಿದ್ದರು. ಆ ನಂಬಿಕೆಯನ್ನು ಎರವಲು ತಂದು ಪೈಲಟ್‌ಗೆ ತೊಡಿಸಿದರು ಅಷ್ಟೇ. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ಇದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಹೆದರಿದವರಿಗೆ ಧೈರ್ಯ ಕೊಡುವುದೂ ಒಂದು ಕೆಲಸವೇ. ಆದರೆ ಬಟ್ಟೆಗೆ ಇದ್ದ ಕೆಲಸ ಆಗ ಬದಲಾಯಿತು. ಅಲ್ಲಿಯವರೆಗೆ ಅದು ಹಾರುವವರಿಗಾಗಿ ಇತ್ತು, ಇನ್ನು ಮೇಲೆ ನೋಡುವವರಿಗಾಗಿ.

ಟೋಪಿಯಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದವರು ಟೋಪಿಯೊಳಗೆ ಅದನ್ನು ನೆಟ್ಟಗೆ ನಿಲ್ಲಿಸುವ ಬಳೆಯನ್ನೇ ಕಿತ್ತು ಹಾಕುತ್ತಿದ್ದರು. ಅದಿದ್ದರೆ ಕಿವಿಗೆ ಹೆಡ್‌ಫೋನ್ ಕೂರುತ್ತಿರಲಿಲ್ಲ. ದಿನಾ ಹೆಡ್‌ಫೋನ್ ಒತ್ತಿ ಒತ್ತಿ ಟೋಪಿ ಎರಡೂ ಕಡೆ ಜೋತು ಬೀಳುತ್ತಿತ್ತು. ಆಮೇಲೆ ಜೋತುಬಿದ್ದ ಟೋಪಿಯೇ ಹಳೇ ಹುಲಿಗಳ ಗುರುತಾಯಿತು! ಈಗ ಬಹಳಷ್ಟು ಕಂಪನಿಗಳು ಟೋಪಿಯನ್ನು ಕೈಬಿಟ್ಟಿವೆ, ಇಲ್ಲವೇ ಇಷ್ಟವಿದ್ದರೆ ಹಾಕಿ ಅಂದಿವೆ.

ಹೆಂಗಸರು ಕಾಕ್‌ಪಿಟ್‌ಗೆ ಬಂದಾಗ ಈ ಹೊಲಿಗೆಯ ಇನ್ನೊಂದು ಮುಖ ಕಂಡಿತು. 1969ರಲ್ಲಿ ನಾರ್ವೆಯ ತೂರಿ ವಿದೆರೋ ಸ್ಕ್ಯಾಂಡಿನೇವಿಯಾದ ವಿಮಾನ ಕಂಪನಿ ಎಸ್‌ಎಎಸ್‌ನ ಪೈಲಟ್ ಆದರು. 1973ರಲ್ಲಿ ಅಮೆರಿಕದ ಫ್ರಾಂಟಿಯರ್ ಕಂಪನಿಗೆ ಎಮಿಲಿ ಹೊವೆಲ್ ಸೇರಿದರು. ಅವರಿಬ್ಬರಿಗೂ ಮುಂಚೆ ಪೈಲಟ್ ಹೇಗಿರಬೇಕು ಅನ್ನುವ ಚಿತ್ರ ಪೂರ್ತಿ ಗಂಡಸಿನದೇ ಆಗಿತ್ತು. ಕೋಟಿನ ಅಳತೆ, ಟೈ, ಟೋಪಿ ಎಲ್ಲವೂ. ಎಮಿಲಿಯವರ ಯೂನಿಫಾರ್ಮ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಈಚಿನ ವರ್ಷಗಳಲ್ಲಿ ನೋಟದ ನಿಯಮಗಳು ಬೇಗ ಬೇಗ ಸಡಿಲವಾಗುತ್ತಿವೆ. ಏರ್ ನ್ಯೂಜಿಲೆಂಡ್ 2019ರಲ್ಲಿ ಹಚ್ಚೆ ಕಾಣಿಸುವಂತೆ ಬಿಡಲು ಒಪ್ಪಿತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಹಚ್ಚೆ ಅಂದರೆ ಸುಮ್ನೆ ಅಲಂಕಾರವಲ್ಲ, ಅದು ಅವರ ವಂಶದ ಗುರುತು. ಅದನ್ನು ಮುಚ್ಚಿಕೊಂಡು ಬಾ ಅನ್ನುವುದು ಎಷ್ಟು ನೋವಿನ ಮಾತು ಅಂತ ಯೋಚಿಸಿ. 2022ರಲ್ಲಿ ಬ್ರಿಟಿಷ್ ಏರ್‌ವೇಸ್, 2023ರಲ್ಲಿ ಕ್ವಾಂಟಾಸ್ ಗಂಡಸರೂ ಮೇಕಪ್ ಹಾಕಬಹುದು ಅಂದವು. ಯಾರ ಉಗುರಿಗೆ ಯಾವ ಬಣ್ಣ ಅನ್ನುವುದಕ್ಕೂ ವಿಮಾನ ಇಳಿಸುವುದಕ್ಕೂ ಸಂಬಂಧ ಇಲ್ಲ, ಹಾಗಾಗಿ ಇದರಲ್ಲಿ ಜಾಸ್ತಿ ವಾದಕ್ಕೆ ಜಾಗವಿಲ್ಲ.

ಗಡ್ಡದ ವಿಷಯ ಹಾಗಲ್ಲ. ಅಲ್ಲಿ ಜೀವದ ಪ್ರಶ್ನೆ ಇದೆ.

ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಹೊರಟುಹೋದರೆ ಪೈಲಟ್‌ಗೆ ಸರಿಯಾಗಿ ಯೋಚಿಸುವ ಶಕ್ತಿ ಉಳಿಯುವುದು 30ರಿಂದ 60 ಸೆಕೆಂಡ್ ಮಾತ್ರ. ಅದಕ್ಕೇ ಆಮ್ಲಜನಕದ ಮಾಸ್ಕ್ ಕೈಗೆಟಕುವಲ್ಲೇ ಇರುತ್ತದೆ. ಒಂದೇ ಕೈಯಲ್ಲಿ, 5 ಸೆಕೆಂಡಿನೊಳಗೆ ಹಾಕಿಕೊಳ್ಳಬೇಕು. ಎಳೆದು ಹಿಡಿಕೆ ಒತ್ತಿದರೆ ಮಾಸ್ಕಿನ ಪಟ್ಟಿಗಳಿಗೆ ಗಾಳಿ ತುಂಬಿ ಅವು ಬುಸ್ ಅಂತ ಅಗಲವಾಗುತ್ತವೆ. ತಲೆಯ ಮೇಲಿಂದ ಇಳಿಸಿ ಕೈ ಬಿಟ್ಟರೆ ಬಿಗಿದು ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಹೀಗೆ ಕಚ್ಚಿಕೊಳ್ಳುವ ಅಂಚಿಗೂ ಚರ್ಮಕ್ಕೂ ನಡುವೆ ಕೂದಲು ಬಂದರೆ ಆಮ್ಲಜನಕ ಸೋರುತ್ತದೆ, ಹೊಗೆ ಒಳಗೆ ನುಗ್ಗುತ್ತದೆ ಅನ್ನುವುದು ಭಯ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 1987ರಲ್ಲಿ ಇದೇ ಎಚ್ಚರಿಕೆ ಕೊಟ್ಟು ಒಂದು ಸುತ್ತೋಲೆ ಹೊರಡಿಸಿತು.

ಅದು ಸುತ್ತೋಲೆ, ಸಲಹೆ. ಗಡ್ಡ ಬಿಡಬಾರದು ಅನ್ನುವ ಕಾನೂನು ಅಲ್ಲ. ನಿಷೇಧ ಹಾಕಿದ್ದು ಒಂದೊಂದು ಕಂಪನಿ ತನ್ನ ತನ್ನ ಕೈಪಿಡಿಯಲ್ಲಿ. 'ನೀಟಾಗಿ ಕಾಣಬೇಕು' ಅನ್ನುವ ಹಳೇ ಆಸೆಗೆ 'ಸುರಕ್ಷತೆ' ಅನ್ನುವ ಗಟ್ಟಿ ಕಾರಣ ಸಿಕ್ಕಿತು. ಆಮೇಲೆ ಎರಡೂ ಒಂದೇ ನಿಯಮದೊಳಗೆ ಹೆಣೆದುಕೊಂಡವು. ಪೈಲಟ್‌ಗಳಿಗೆ ನಿಜವಾದ ಕಾರಣ ಯಾವುದು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನನಗೆ ಬೇಸರವಾಗುವುದು ಇದೇ. ಧರ್ಮಕ್ಕಾಗಿ ಗಡ್ಡ ಬಿಟ್ಟವರಿಗೆ, ಬ್ಲೇಡ್ ತಾಗಿದರೆ ಗುಳ್ಳೆ ಏಳುವ ಚರ್ಮದವರಿಗೆ ಇದು ಬರೀ ನೋಟದ ಮಾತಲ್ಲ.

ಕೊನೆಗೆ ಅದನ್ನು ಬಿಡಿಸಲು ಕೂತದ್ದು ಕೆನಡಾದವರು. ಏರ್ ಕೆನಡಾ ಕೇಳಿಕೊಂಡ ಮೇಲೆ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ತಂಡ ಗಡ್ಡದವರನ್ನು, ಒತ್ತಡ ಇಳಿಸಬಲ್ಲ ಮುಚ್ಚಿದ ಕೋಣೆಯಲ್ಲಿ ಕೂರಿಸಿ ಮಾಸ್ಕ್ ಹಾಕಿಸಿತು. ಗಿಡ್ಡ, ಮಧ್ಯಮ, ಉದ್ದ, ಮೂರೂ ಬಗೆಯ ಗಡ್ಡ ಇತ್ತು. ಕೋಣೆಯೊಳಗಿನ ಗಾಳಿಯನ್ನು 25,000 ಅಡಿ ಎತ್ತರದಲ್ಲಿ ಇರುವಷ್ಟು ತೆಳು ಮಾಡಿದರೂ ಯಾರ ರಕ್ತದಲ್ಲೂ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಲಿಲ್ಲ. ಮಾಸ್ಕುಗಳೂ ಹಿಂದಿಗಿಂತ ಸುಧಾರಿಸಿವೆ. ಈಗಿನವು ಬೇಕಾದಾಗ ಆಮ್ಲಜನಕವನ್ನು ಒತ್ತಡದಿಂದ ತಳ್ಳುತ್ತವೆ. ಹಾಗಾಗಿ ಸಣ್ಣ ಸಂದಿ ಇದ್ದರೂ ಒಳಗಿನದು ಹೊರಗೆ ಹೋಗುತ್ತದೆ, ಹೊರಗಿನ ಹೊಗೆ ಒಳಗೆ ಬರುವುದು ಕಷ್ಟ.

2018ರಲ್ಲಿ ಏರ್ ಕೆನಡಾ ತನ್ನ ಪೈಲಟ್‌ಗಳಿಗೆ ಗಡ್ಡ ಬಿಡಲು ಒಪ್ಪಿಗೆ ಕೊಟ್ಟಿತು. ಆದರೆ ಅಳತೆ ಕಟ್ಟಿತು: 1.25 ಸೆಂಟಿಮೀಟರ್, ಅದಕ್ಕಿಂತ ಉದ್ದ ಬೇಡ. ಪರೀಕ್ಷೆಯ ಕೋಣೆಯಲ್ಲಿ ಉದ್ದ ಗಡ್ಡದವರೂ ಚೆನ್ನಾಗಿಯೇ ಉಸಿರಾಡಿದ್ದರು.