ಎರಡು ಕಂಪನಿ, ಒಂದೇ ಗುಂಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಜಾಗ ನೋಡಿಕೊಂಡು ಬಂದವರು ನನ್ನನ್ನು ಕೇಳುವುದು ಒಂದೇ. "ಸರ್, ಇಲ್ಲಿ ಡೇಟಾ ಸೆಂಟರ್ ಆಗುತ್ತಾ? ಕರೆಂಟ್ ಸಿಗುತ್ತಾ?" ಡೇಟಾ ಸೆಂಟರ್ ಅಂದರೆ ಸರ್ವರ್ ಎಂಬ ದೊಡ್ಡ ಕಂಪ್ಯೂಟರ್‌ಗಳು ಹಗಲೂ ರಾತ್ರಿ ಓಡುವ ಕಟ್ಟಡ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಸೀಮೆ ಇದು. ಆಗದೆ ಏನು? ನಾನು ತಿರುಗಿ ಕೇಳುವುದು ಬೇರೆ: ಇಂಟರ್ನೆಟ್ಟಿಗಾಗಲಿ ಕರೆಂಟಿಗಾಗಲಿ, ಎರಡನೇ ಲೈನ್ ಎಲ್ಲಿಂದ ಬರುತ್ತೆ?

ಈ ಪ್ರಶ್ನೆ ಕಲಿಸಿದ್ದು ಒಂದು ಜೆಸಿಬಿ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಸರ್ವರ್ ಕೋಣೆಗೆ ಎರಡು ಬೇರೆ ಬೇರೆ ಕಂಪನಿಗಳ ಫೈಬರ್, ಅಂದರೆ ಇಂಟರ್ನೆಟ್ ಕೇಬಲ್, ಹಾಕಿಸಿದ್ದೆವು. ಒಂದು ಹೋದರೆ ಇನ್ನೊಂದು ಇದೆಯಲ್ಲ ಎಂಬ ಧೈರ್ಯ. ಒಂದು ಮಧ್ಯಾಹ್ನ ಮದ್ದೂರಿನ ಹತ್ತಿರ ರಸ್ತೆ ಅಗೆಯುವಾಗ ಎರಡೂ ಒಂದೇ ಏಟಿಗೆ ಕಿತ್ತುಬಂದವು. ಬಿಲ್ ಎರಡು, ಗುಂಡಿ ಒಂದೇ! ಅಂದಿನಿಂದ ನಾನು ಕಂಪನಿ ಹೆಸರು ಕೇಳುವುದಿಲ್ಲ, ಮ್ಯಾಪ್ ಕೇಳುತ್ತೇನೆ. ಒಂದು ದಾರಿ ಮಂಡ್ಯದ ಮೇಲೆ ಹೋದರೆ ಇನ್ನೊಂದು ಹಾಸನದ ಕಡೆಯಿಂದಲೋ ಚಾಮರಾಜನಗರದ ಕಡೆಯಿಂದಲೋ ಹೋಗಬೇಕು. ದೂರದ ಚಿಂತೆ ಬೇಡ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸುತ್ತು ದಾರಿಯಲ್ಲೂ ಬೆಂಗಳೂರಿಗೆ ಹೋಗಿಬರಲು ಮೂರ್ನಾಲ್ಕು ಮಿಲಿಸೆಕೆಂಡ್ ಸಾಕು.

ಕರೆಂಟಿಗೂ ಇದೇ ಮಾತು. ಒಂದೇ ಸಬ್‌ಸ್ಟೇಷನ್ನಿನಿಂದ ಎರಡು ಫೀಡರ್ (ಕರೆಂಟ್ ಲೈನ್) ಎಳೆದರೆ ಅದು ಎರಡಾಗುವುದಿಲ್ಲ. ಯುಪಿಎಸ್ ಬ್ಯಾಟರಿ ಕೆಲವೇ ನಿಮಿಷ ತಡೆದುಕೊಳ್ಳುತ್ತದೆ, ಅಷ್ಟರಲ್ಲಿ ಜನರೇಟರ್ ಸ್ಟಾರ್ಟ್ ಆಗಲೇಬೇಕು. ಸರ್ವರ್‌ಗಳಿಗೆ 1 ಮೆಗಾವ್ಯಾಟ್ ಅಂದರೆ ದಿನಕ್ಕೆ 24,000 ಯೂನಿಟ್. ತಿಂಗಳಿಗೆ 200 ಯೂನಿಟ್ ಬಳಸುವ 3,600 ಮನೆಗಳ ಕರೆಂಟ್ ಅದು. ತಂಪು ಮಾಡುವ ಖರ್ಚು ಇದರ ಮೇಲೆ. ಒಟ್ಟು ಕರೆಂಟನ್ನು ಸರ್ವರ್‌ಗಳ ಕರೆಂಟಿನಿಂದ ಭಾಗಿಸಿದರೆ ಬರುವುದೇ ಪಿಯುಇ. 1.5 ಬಂತು ಅಂದರೆ ಸರ್ವರ್ ತಿಂದ ಪ್ರತಿ ಯೂನಿಟ್‌ಗೆ ಅರ್ಧ ಯೂನಿಟ್ ಮೇಲುಖರ್ಚು.

ಪಾವಗಡದ ಸೋಲಾರ್ ತೋರಿಸಿ ಹಸಿರು ಅನ್ನುವವರಿದ್ದಾರೆ. ಸರ್ವರ್ ರಾತ್ರಿ ಮಲಗುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಚಿಂತೆ ನೀರಿನದು. ಬರುವ ಪ್ಲಾನ್‌ಗಳಲ್ಲಿ ಪಿಯುಇ ಚೆನ್ನಾಗಿಯೇ ಇರುತ್ತದೆ. ಹೇಗೆ ಕಡಿಮೆಯಾಯಿತು ಅಂತ ಪುಟ ತಿರುವಿದರೆ ಕೂಲಿಂಗ್ ಟವರ್. ಅಂದರೆ ನೀರನ್ನು ಆವಿ ಮಾಡಿ ಬಿಸಿ ಕಳೆಯುವುದು. 1 ಮೆಗಾವ್ಯಾಟ್ ಬಿಸಿಯನ್ನು ಪೂರ್ತಿ ಹೀಗೆ ಕಳೆದರೆ ಗಂಟೆಗೆ ಸುಮಾರು 1,500 ಲೀಟರ್ ಆವಿ. ದಿನಕ್ಕೆ 36,000 ಲೀಟರ್, 6,000 ಲೀಟರಿನ ಆರು ಟ್ಯಾಂಕರ್. ಟವರ್‌ನಲ್ಲಿ ಉಪ್ಪು ಕಟ್ಟದಿರಲಿ ಎಂದು ಆಗಾಗ ಹೊರಗೆ ಬಿಡುವ ನೀರು ಬೇರೆ. 20 ಮೆಗಾವ್ಯಾಟ್ ಆದರೆ ದಿನಕ್ಕೆ 120 ಟ್ಯಾಂಕರ್. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ಮಂಡ್ಯದಲ್ಲಿ ರೈತರು ಕಾವೇರಿಗಾಗಿ ರಸ್ತೆಗಿಳಿದಿದ್ದರು. ಅಂಥ ವರ್ಷ ಅವರ ಮುಂದೆ ಈ ಲೆಕ್ಕ ಓದಲು ನನಗಂತೂ ಧೈರ್ಯವಿಲ್ಲ.

ಅದಕ್ಕೇ ನಾನು ಗಾಳಿಯಿಂದ ತಂಪು ಮಾಡುವ ಚಿಲ್ಲರ್ ಹಾಕಿ ಎನ್ನುತ್ತೇನೆ. ಕರೆಂಟ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ. ಸರ್ವರ್‌ಗೆ ಒಳಬರುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು. ನಮ್ಮ ಚಳಿಗಾಲದ ರಾತ್ರಿಗಳಲ್ಲಿ ಹೊರಗಿನ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಟವರೇ ಬೇಕು ಎಂದು ಹಟ ಹಿಡಿದರೆ, ಊರಿನ ಶುದ್ಧೀಕರಿಸಿದ ಕೊಳಚೆ ನೀರು ತನ್ನಿ, ಶುದ್ಧೀಕರಣ ಘಟಕದಿಂದ ಪೈಪ್ ಹಾಕಿಸುವ ಖರ್ಚನ್ನೂ ಅಂದಾಜಿನಲ್ಲಿ ಬರೆಯಿರಿ ಎನ್ನುತ್ತೇನೆ. ಇದುವರೆಗೆ ನನ್ನ ಮೇಜಿಗೆ ಬಂದ ಯಾವ ಅಂದಾಜಿನಲ್ಲೂ ಆ ಪೈಪ್ ಇರಲಿಲ್ಲ.