ಬ್ಲೂಯಿಂಗ್: ಪಳಗಿಸಿದ ತುಕ್ಕು

ಹಳೆಯ ಬೋಲ್ಟ್ ಆಕ್ಷನ್ ರೈಫಲ್ (ಬೋಲ್ಟ್ ಎಂಬ ಸರಳನ್ನು ಕೈಯಿಂದ ಎಳೆದು ಗುಂಡು ತುಂಬುವ ಬಂದೂಕು) ಒಂದರ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಮೊದಲು ಬರೀ ಕಪ್ಪು ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಆ ಕಪ್ಪಿನೊಳಗಿಂದ ನೀಲಿ ಇಣುಕುತ್ತದೆ. ಉಕ್ಕಿಗೆ ಆ ಬಣ್ಣ ಬರಿಸುವ ಕೆಲಸಕ್ಕೆ ಬ್ಲೂಯಿಂಗ್ ಅನ್ನುತ್ತಾರೆ. ಹೆಸರು ಕೇಳಿದವರು ಯಾವುದೋ ನೀಲಿ ಪೇಂಟ್ ಇರಬೇಕು ಅಂದುಕೊಳ್ಳುತ್ತಾರೆ. ಪೇಂಟ್ ಅಲ್ಲ. ಅದು ತುಕ್ಕು.

ತುಕ್ಕಿನಲ್ಲೂ ಬಗೆಗಳಿವೆ. ನಮಗೆ ಗೊತ್ತಿರುವ ಕೆಂಪು ತುಕ್ಕು ಸಡಿಲ, ಹಿಗ್ಗುತ್ತದೆ, ಪುಡಿಯಾಗಿ ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ, ಅದಕ್ಕೂ ತುಕ್ಕು ಹಿಡಿಯುತ್ತದೆ. ಇನ್ನೊಂದು ಕಪ್ಪು ತುಕ್ಕು. ಮ್ಯಾಗ್ನೆಟೈಟ್ ಅಂತ ಹೆಸರು, 3 ಕಬ್ಬಿಣದ ಪರಮಾಣುವಿಗೆ 4 ಆಮ್ಲಜನಕದ ಪರಮಾಣು. ಇದು ಉಕ್ಕನ್ನು ಬಿಗಿಯಾಗಿ ಹಿಡಿದು ಕೂರುತ್ತದೆ, ಉದುರುವುದಿಲ್ಲ. ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಅಂತ ಬೇರೆ ಬೇರೆ ಪದ ಇಟ್ಟುಕೊಂಡಿದ್ದೇವೆ. ಈ ಒಳ್ಳೆಯ ತುಕ್ಕಿಗೆ ಮಾತ್ರ ಹೆಸರಿಲ್ಲ. ಕರಿತುಕ್ಕು ಅನ್ನಬಹುದೇನೋ.

ಆದರೆ ಈ ಪದರ ತೀರಾ ತೆಳು. ಇದೊಂದೇ ಉಕ್ಕನ್ನು ಪೂರ್ತಿ ಕಾಪಾಡುವುದಿಲ್ಲ. ಇದರ ಸಣ್ಣ ಸಣ್ಣ ರಂಧ್ರಗಳು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಕಾವಲು ಕಾಯುವ ಕೆಲಸ ಹೆಚ್ಚಾಗಿ ಆ ಎಣ್ಣೆಯದ್ದೇ. ಎಣ್ಣೆ ಸವರದೆ ಬಿಟ್ಟ ಬ್ಲೂಯಿಂಗ್ ಮೇಲೆ ಬೆವರಿನ ಬೆರಳಚ್ಚು ಕೂಡ ಕೆಂಪಗೆ ಮೂಡುತ್ತದೆ.

ಮನೆಯ ವರ್ಕ್‌ಶಾಪಿಗೆ ಹೊಂದುವುದು ಹಳೆಯ ವಿಧಾನ, ರಸ್ಟ್ ಬ್ಲೂಯಿಂಗ್. ಮೊದಲು ಲೋಹದಿಂದ ಜಿಡ್ಡನ್ನೆಲ್ಲ ತೆಗೆಯಬೇಕು. ನಳಿಗೆಯ ಎರಡೂ ಬಾಯಿಗೆ ಮರದ ಬಿರಡೆ ಬಡಿಯಬೇಕು. ಒಳಗೆ ತುಕ್ಕು ಹಿಡಿಯಬಾರದು, ಹಿಡಿದುಕೊಳ್ಳೋಕೂ ಅದೇ ಹಿಡಿಕೆ. ಆಮೇಲೆ ತುಕ್ಕು ಹಿಡಿಸುವ ಆಮ್ಲದ ದ್ರಾವಣವನ್ನು ತೆಳ್ಳಗೆ ಸವರಿ, ತೇವ ತುಂಬಿದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಬಿಡಬೇಕು. ಹೊರಗೆ ತೆಗೆದಾಗ ಎದೆ ಧಸಕ್ಕೆನ್ನುತ್ತದೆ: ನಯವಾಗಿ ತಿಕ್ಕಿಟ್ಟಿದ್ದ ನಳಿಗೆ ಪೂರ್ತಿ ಕೆಂಪು! ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿದರೆ ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ. ಮೇಲೆ ಮಸಿಯಂತೆ ನಿಂತ ಸಡಿಲ ಪುಡಿಯನ್ನು ಜಿಡ್ಡಿಲ್ಲದ ಸಣ್ಣ ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ಇದಕ್ಕೆ ಕಾರ್ಡಿಂಗ್ ಅಂತ ಹೆಸರು. ಒಂದು ಸಲಕ್ಕೆ ಸಿಗುವುದು ಪೇಲವ ಬೂದು ಬಣ್ಣ ಅಷ್ಟೇ. ಸವರು, ತುಕ್ಕು ಹಿಡಿಸು, ಕುದಿಸು, ಉಜ್ಜು ಅಂತ ಐದಾರು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ. ಕೊನೆಗೆ ಅಡುಗೆ ಸೋಡಾ ನೀರಿನಿಂದ ಆಮ್ಲವನ್ನು ಸುಮ್ಮನಾಗಿಸಿ, ಎಣ್ಣೆ ಕುಡಿಸಿ ಇಡುತ್ತಾರೆ. ಅವಸರದವರಿಗೆ ಇದು ಆಗಿಬರುವ ಕೆಲಸ ಅಲ್ಲ.

ಕಾರ್ಖಾನೆಗಳು ಹಿಡಿದ ದಾರಿ ಹಾಟ್ ಬ್ಲೂಯಿಂಗ್. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ಗಟ್ಟಿ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ, ಭಾಗಗಳನ್ನು ಅದರಲ್ಲಿ ಮುಳುಗಿಸುವುದು. ಬೇಗ ಆಗುತ್ತದೆ, ಬಣ್ಣ ಎಲ್ಲ ಕಡೆ ಒಂದೇ ಸಮ. ಆದರೆ ಆ ದ್ರಾವಣ ಚರ್ಮವನ್ನು ಸುಡುತ್ತದೆ, ಅಲ್ಯುಮಿನಿಯಂ ಭಾಗ ಬಿದ್ದರೆ ಕರಗಿಸಿಬಿಡುತ್ತದೆ. ಸೀಸ ತವರದ ಮೆದು ಬೆಸುಗೆಯನ್ನೂ ತಿನ್ನುತ್ತದೆ. ಹಳೆಯ ರೈಫಲ್‌ಗಳಲ್ಲಿ ಗುರಿಗಣ್ಣಿನ ಬುಡವನ್ನು ಎಷ್ಟೋ ಸಲ ಅಂಥ ಬೆಸುಗೆಯಿಂದಲೇ ಕೂರಿಸಿರುತ್ತಾರೆ. ಮನೆಯಲ್ಲಿ ಇದನ್ನು ಮಾಡಬೇಡಿ ಎಂಬುದೇ ನನ್ನ ಸಲಹೆ.

ಮೂರನೆಯದು ನೈಟರ್ ಬ್ಲೂಯಿಂಗ್. ಇಲ್ಲಿ ನೀರಿಲ್ಲ. ಪೊಟ್ಯಾಸಿಯಂ ನೈಟ್ರೇಟ್‌ನಂಥ ನೈಟ್ರೇಟ್ ಉಪ್ಪುಗಳ ಮಿಶ್ರಣವನ್ನು ಕರಗಿಸಿ ಸುಮಾರು 300 ಡಿಗ್ರಿಗೆ ಕಾಯಿಸಿ, ಪೂರ್ತಿ ಒಣಗಿದ ಭಾಗವನ್ನು ಅದರಲ್ಲಿ ಅದ್ದುತ್ತಾರೆ. ಉಕ್ಕು ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನವಿಲಿನ ಕತ್ತಿನ ನೀಲಿ. ನಿಜವಾಗಿ ನೀಲಿ ಅನ್ನಿಸಿಕೊಳ್ಳುವುದು ಇದೊಂದೇ ನೋಡಿ. ಸ್ಕ್ರೂ, ಪಿನ್ನುಗಳಿಗೆ ಚೆಂದ. ದೊಡ್ಡ ಭಾಗಗಳಿಗೆ ಬೇಡ. ಜರ್ಮನಿಯ ಮೌಸರ್ ರೈಫಲ್‌ನ 1898ರ ಮಾದರಿಯ ರಿಸೀವರ್‌ಗಳಲ್ಲಿ (ನಳಿಗೆ ಕೂರುವ, ಬೋಲ್ಟ್ ಓಡಾಡುವ ಭಾಗ) ಒಳಗೆ ಮೆದು ಉಕ್ಕು, ಮೇಲೆ ಗಟ್ಟಿ ಮಾಡಿದ ತೆಳು ಚರ್ಮ ಇರುತ್ತದೆ. ಬೆಂಕಿ ಜಾಸ್ತಿ ತಗುಲಿದರೆ ಆ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ. ಗುಂಡು ಸಿಡಿಯುವಾಗಿನ ಒತ್ತಡ ತಡೆಯುವ ಭಾಗವದು, ಬಣ್ಣಕ್ಕಾಗಿ ಹದ ಕಳೆಯುವುದೇ?

ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹೆಸರಿಗಷ್ಟೇ ಬ್ಲೂಯಿಂಗ್. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೆಲೆನಿಯಂ ಮತ್ತು ತಾಮ್ರದ ಸಂಯುಕ್ತಗಳು. ಅವು ಉಕ್ಕಿನ ಮೇಲೆ ಕಪ್ಪಗೆ ಕೂರುತ್ತವೆ, ಬೇಗ ಸವೆಯುತ್ತವೆ. ಬಣ್ಣ ಹೋದ ಸಣ್ಣ ಗೀರಿಗೆ ಕಪ್ಪು ಹಚ್ಚೋಕೆ ಸಾಕು. ವಿಷ ಇರುವುದರಿಂದ ಕೈಗವಸು ಬೇಕೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿದಿದೆ. ಬ್ಲೂಯಿಂಗ್ ಏನನ್ನೂ ಮುಚ್ಚುವುದಿಲ್ಲ. ಅಡಿಯಲ್ಲಿ ಗೀರಿದ್ದರೆ ಕಪ್ಪಿನ ಮೇಲೆ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಕೆಲಸದ ಬಹುಪಾಲು ಬಣ್ಣಕ್ಕೂ ಮುಂಚೆಯೇ ಮುಗಿದಿರುತ್ತದೆ: 240, 320, 400 ಅಂತ ನಯವಾಗುತ್ತ ಹೋಗುವ ಎಮರಿ ಪೇಪರ್, ಅದನ್ನು ಒತ್ತಿ ಹಿಡಿಯಲು ಚಪ್ಪಟೆ ಮರದ ತುಂಡು ಅಥವಾ ಅರ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಹತ್ತೇ ನಿಮಿಷದಲ್ಲಿ ಕನ್ನಡಿಯಾಗುತ್ತದೆ ನಿಜ. ಆದರೆ ಚೂಪು ಅಂಚುಗಳು ದುಂಡಾಗುತ್ತವೆ, ಸ್ಕ್ರೂ ತೂತುಗಳ ಬಾಯಿ ತಟ್ಟೆಯಂತೆ ಅಗಲವಾಗುತ್ತದೆ, ಕೆತ್ತಿದ ಅಕ್ಷರಗಳು ಅಳಿಸಿಹೋದಂತಾಗುತ್ತವೆ. ಕಸುಬು ಬಲ್ಲವರು ಇವನ್ನು ನೋಡಿಯೇ ಕೆಲಸ ಎಂಥದ್ದು ಅಂತ ಹೇಳಿಬಿಡುತ್ತಾರೆ. ಮೂಲ ಸ್ಥಿತಿಯಲ್ಲೇ ಉಳಿದ ಅಪರೂಪದ ರೈಫಲ್ ಆದರೆ ಮುಟ್ಟದೆ ಬಿಡುವುದೇ ಮೇಲು, ಹೊಸ ಬಣ್ಣ ಸಂಗ್ರಹಕಾರರ ಕಣ್ಣಿನಲ್ಲಿ ಅದರ ಬೆಲೆ ಇಳಿಸುತ್ತದೆ.

ಎಲ್ಲ ಭಾಗವೂ ನೀಲಿಯಾಗಬೇಕಿಲ್ಲ. ಹಳೆಯ ಮೌಸರ್‌ಗಳಲ್ಲಿ ಬೋಲ್ಟನ್ನು ಎಷ್ಟೋ ಸಲ ಹೊಳೆಯುವ ಬರಿ ಉಕ್ಕಾಗಿಯೇ ಬಿಡುತ್ತಿದ್ದರು. ಇದಕ್ಕೆ ‘ಇನ್ ದ ವೈಟ್’ ಅನ್ನುವ ಮಾತಿದೆ.

ರಸ್ಟ್ ಬ್ಲೂಯಿಂಗ್‌ನಲ್ಲಿ ಕುದಿಸುವ ಹಂತ ಬಿಟ್ಟು, ಬರೀ ತುಕ್ಕು ಹಿಡಿಸಿ ಉಜ್ಜುತ್ತ ಹೋದರೆ ಉಕ್ಕು ಕಂದು ಬಣ್ಣಕ್ಕೆ ನಿಲ್ಲುತ್ತದೆ. ಅದರ ಹೆಸರು ಬ್ರೌನಿಂಗ್. ಅದೇ ಹೆಸರಿನ ಬಂದೂಕು ಕಂಪನಿಗೂ ಈ ಪದಕ್ಕೂ ನಂಟಿಲ್ಲ. ಅದು ಜಾನ್ ಮೋಸಸ್ ಬ್ರೌನಿಂಗ್ ಎಂಬ ವಿನ್ಯಾಸಕಾರನ ಮನೆತನದ ಹೆಸರು.