ಹೆಸರು ಇದೆ, ಹುಡುಕಿದರೆ ಸಿಗುತ್ತಿಲ್ಲ

ಸರಿಯಾದ ಪಾಸ್‌ವರ್ಡ್ ಹಾಕಿದರೂ ಲಾಗಿನ್ ಆಗುತ್ತಿಲ್ಲ. ಪಕ್ಕದವರಿಗೂ ಅದೇ ಗತಿ. ಮೇಲ್ ಇಲ್ಲ, ವೈಫೈ ಇಲ್ಲ. ಒಂದೇ ಸಲಕ್ಕೆ ಎಲ್ಲವೂ ಕೈಕೊಟ್ಟರೆ ಮೊದಲ ಅನುಮಾನ ಡೈರೆಕ್ಟರಿ ಸರ್ವರ್ ಮೇಲೆ. ಯಾರು ಯಾರು, ಯಾರಿಗೆ ಏನೇನು ಅನುಮತಿ ಅನ್ನುವುದೆಲ್ಲ ಅದರ ಡೇಟಾಬೇಸ್‌ನಲ್ಲೇ ಇರುತ್ತದೆ. ಅದರ ಜೊತೆ ಮಾತಾಡುವ ಭಾಷೆ ಎಲ್‌ಡ್ಯಾಪ್, 1990ರ ದಶಕದ ಶುರುವಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು.

ಈ ಡೇಟಾಬೇಸ್ ಕೆಡುವುದಾದರೂ ಹೇಗೆ? ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯನ್ನೇ ನೋಡಿ. ಅದು ಮಾಹಿತಿಯನ್ನು ಸಾಮಾನ್ಯವಾಗಿ 8 ಕೆಬಿಯ ಪುಟಗಳಲ್ಲಿ ಇಡುತ್ತದೆ. ಹಳೆಯ ಡಿಸ್ಕ್‌ಗಳು ಬರೆಯುವುದು 512 ಬೈಟ್‌ಗಳ ತುಂಡುಗಳಲ್ಲಿ. ಅಂದರೆ ಒಂದು ಪುಟಕ್ಕೆ 16 ತುಂಡು. ಹತ್ತು ಬರೆದಾಗ ಕರೆಂಟ್ ಹೋಯಿತು ಅನ್ನಿ. ಪುಟದ ಮೇಲ್ಭಾಗ ಹೊಸದು, ಕೆಳಭಾಗ ಹಳೆಯದು. ಪುಟ ಸರಿಯಿದೆಯೇ ಎಂದು ನೋಡಲು ಇಡೀ ಪುಟಕ್ಕೆ ಲೆಕ್ಕ ಹಾಕಿಟ್ಟ ಸಂಖ್ಯೆ, ಅಂದರೆ ಚೆಕ್‌ಸಮ್, ಈಗ ತಾಳೆಯಾಗುವುದಿಲ್ಲ.

ಇದಕ್ಕೆಂದೇ ಬದಲಾವಣೆಯನ್ನು ಮೊದಲು ಲಾಗ್ ಫೈಲ್‌ನಲ್ಲಿ ಬರೆದು, ಆಮೇಲೆ ಪುಟವನ್ನು ಮುಟ್ಟುವ ಪದ್ಧತಿ ಇದೆ. ಮತ್ತೆ ಶುರುವಾದಾಗ ಸರ್ವರ್ ಆ ಲಾಗ್ ಓದಿಕೊಂಡು ಅರ್ಧಕ್ಕೆ ನಿಂತ ಕೆಲಸವನ್ನು ಸಾಮಾನ್ಯವಾಗಿ ತಾನೇ ಮುಗಿಸುತ್ತದೆ. ಜಾಗ ತುಂಬಿತೆಂದು ಯಾರೋ ಆ ಲಾಗ್‌ಗಳನ್ನು ಸುಮ್ನೆ ಅಳಿಸಿಬಿಟ್ಟರೆ ಮಾತ್ರ ಕಷ್ಟ.

ಗಾಬರಿಯಾಗುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಲಾಗಿನ್ ಹೆಸರಿನಿಂದ ಹುಡುಕಿದರೆ ಆ ವ್ಯಕ್ತಿ ಇಲ್ಲ. ಅದೇ ದಾಖಲೆಯ ಪೂರ್ತಿ ವಿಳಾಸ (ಡೈರೆಕ್ಟರಿಯೊಳಗೆ ಅದು ಇರುವ ಜಾಗ) ಕೊಟ್ಟು ಕೇಳಿದರೆ ಇದ್ದಾರೆ! ಹಾಗಾದರೆ ಕೆಟ್ಟಿರುವುದು ಬಹುಶಃ ಇಂಡೆಕ್ಸ್ ಮಾತ್ರ. ಪುಸ್ತಕದ ಕೊನೆಯ ಪದಸೂಚಿ ಹರಿದರೆ ಪುಸ್ತಕ ಹೋದಂತಲ್ಲ, ಅಲ್ವಾ? ಓಪನ್‌ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ತಂತ್ರಾಂಶದಲ್ಲಿ ಸರ್ವರ್ ನಿಲ್ಲಿಸಿ ಸ್ಲ್ಯಾಪ್‌ಇಂಡೆಕ್ಸ್ ಅನ್ನುವ ಉಪಕರಣ ಓಡಿಸಿದರೆ ಮೂಲ ದಾಖಲೆಗಳಿಂದಲೇ ಹೊಸ ಸೂಚಿ ತಯಾರಾಗುತ್ತದೆ.

ಮೂಲ ದಾಖಲೆಯೇ ಕೆಟ್ಟಿದ್ದರೆ ಮಾಡಬೇಕಾದ ಮೊದಲ ಕೆಲಸ ರಿಪೇರಿ ಅಲ್ಲ. ಸರ್ವರ್ ನಿಲ್ಲಿಸಿ, ಕೆಟ್ಟ ಫೈಲ್‌ಗಳನ್ನು ಇದ್ದ ಹಾಗೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳುವುದು. ಯಾಕೆಂದರೆ ರಿಪೇರಿ ಉಪಕರಣಗಳು ನಿರ್ದಯಿಗಳು. ಅರ್ಥವಾಗದ ಪುಟವನ್ನು ಕಿತ್ತೆಸೆದು 'ಸರಿಯಾಯಿತು' ಅನ್ನುತ್ತವೆ. ಆ ಪುಟದಲ್ಲಿದ್ದವರು ಅಲ್ಲಿಗೆ ಮಾಯ.

ನನ್ನ ಒಲವು ದಾಖಲೆಗಳನ್ನು ಹೊರತೆಗೆದು ಬರೆದಿಡುವ ಎಲ್‌ಡಿಫ್ ಫೈಲ್ ಕಡೆಗೆ. ಅದು ಬರೀ ಪಠ್ಯ: ಮೊದಲ ಸಾಲಿನಲ್ಲಿ ವಿಳಾಸ, ಕೆಳಗೆ ಸಾಲಿಗೊಂದು ವಿವರ, ಆಮೇಲೆ ಒಂದು ಖಾಲಿ ಸಾಲು, ನಂತರ ಮುಂದಿನ ವ್ಯಕ್ತಿ. ಮಾಮೂಲಿ ಎಡಿಟರ್‌ನಲ್ಲಿ ತೆರೆದು ಓದಬಹುದು. ನಿನ್ನೆಯ ಎಲ್‌ಡಿಫ್ ಇದ್ದರೆ ಖಾಲಿ ಡೇಟಾಬೇಸ್‌ಗೆ ಅದನ್ನು ತುಂಬಿಸಿದರಾಯಿತು. ಇಲ್ಲದಿದ್ದರೆ ಕೆಟ್ಟ ಡೇಟಾಬೇಸ್‌ನಿಂದಲೇ ಓದಲಾದಷ್ಟನ್ನು ಹೊರತೆಗೆದು ನೋಡಬೇಕು.

ಇನ್ನೊಂದು ಸರ್ವರ್‌ನಲ್ಲಿ ನಕಲು ಇದೆಯಲ್ಲ ಅಂತೀರಾ? ಡಿಸ್ಕ್ ಕೆಟ್ಟಾಗ ಅದೇ ಆಪದ್ಬಾಂಧವ. ಆದರೆ ಯಾರೋ ತಪ್ಪಾಗಿ ನೂರು ಜನರನ್ನು ಅಳಿಸಿದರೆ ಆ ಅಳಿಸುವಿಕೆಯೂ ಸ್ವಲ್ಪ ಹೊತ್ತಿನಲ್ಲೇ ಅಲ್ಲಿಗೆ ತಲುಪಿರುತ್ತದೆ.

ಎಲ್ಲ ತುಂಬಿಸಿದ ಮೇಲೂ ಸರ್ವರ್ ಏಳದೆ ಹಟ ಹಿಡಿಯಬಹುದು. ಆಗ ಫೈಲ್‌ಗಳ ಮಾಲೀಕರು ಯಾರೆಂದು ನೋಡಿ. ನೀವು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಕೂತು ತುಂಬಿಸಿದ್ದರೆ ಅವು ರೂಟ್‌ನ ಹೆಸರಿನಲ್ಲೇ ಇರುತ್ತವೆ. ಬೇರೆ ಹೆಸರಿನಲ್ಲಿ ಓಡುವ ಸರ್ವರ್‌ಗೆ ಅವನ್ನು ತೆರೆಯಲೂ ಆಗುವುದಿಲ್ಲ.